ಕೈಯಲ್ಲಿ ಮಾಡುವ ಗ್ರೀಟಿಂಗ್ ಕಾರ್ಡ್: ಯಾವ ಸ್ಟ್ಯಾಂಪ್ ಕೊಳ್ಳಬೇಕು, ಡೈ ಮಷೀನು ಯಾರಿಗೆ ಬೇಕು?

ಸ್ಟ್ಯಾಂಪ್ ಒತ್ತಿ, ಬಣ್ಣ ತುಂಬಿ, ಆ ಹೂವನ್ನಷ್ಟೇ ಕತ್ತರಿಸಿ ಕಾರ್ಡಿನ ಮೇಲೆ ಸ್ವಲ್ಪ ಎತ್ತಿ ಅಂಟಿಸಿದರೆ ಶುಭಾಶಯ ಪತ್ರಕ್ಕೆ ಬರುವ ಕಳೆಯೇ ಬೇರೆ. ಅದನ್ನು ವಿಡಿಯೊದಲ್ಲಿ ನೋಡಿ ಆಸೆಪಟ್ಟು ಅಂಗಡಿಗೆ ಹೋದವರು ಕಪಾಟಿನ ಮುಂದೆ ನಿಂತುಬಿಡುತ್ತಾರೆ. ಮರದ ತುಂಡಿಗೆ ಅಂಟಿಸಿದ ರಬ್ಬರ್ ಸ್ಟ್ಯಾಂಪ್ ಒಂದು ಕಡೆ, ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡ ಪಾರದರ್ಶಕ ಸ್ಟ್ಯಾಂಪ್ ಇನ್ನೊಂದು ಕಡೆ. ಅದಕ್ಕೆ ಜೋಡಿಯಾದ ತೆಳು ಉಕ್ಕಿನ ಡೈ (ಕಾಗದವನ್ನು ಒಂದು ಆಕಾರಕ್ಕೆ ಕತ್ತರಿಸುವ ಅಚ್ಚು), ಡೈ ಓಡಿಸುವ ಮಷೀನು, ಕೈಯಲ್ಲಿ ಒತ್ತುವ ಪಂಚ್, ಕಂಪ್ಯೂಟರಿಗೆ ಜೋಡಿಸುವ ಕಟ್ಟಿಂಗ್ ಮಷೀನು. ಒಂದು ಕೊಂಡರೆ ಅದಕ್ಕೆ ಇನ್ನೊಂದು ಬೇಕೆನ್ನಿಸುತ್ತದೆ. ಯಾವುದರಿಂದ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಿದರೂ ಸಾಕು ಎಂಬುದು ಇಲ್ಲಿನ ವಿಷಯ.

ಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಒಂದೇ ವಿನ್ಯಾಸದಲ್ಲಿ ಎಷ್ಟು ಕಾರ್ಡು ಮಾಡುತ್ತೀರಿ? ಒಂದೊಂದೂ ಬೇರೆ ಬೇರೆಯೇ, ಅಥವಾ ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಮೂವತ್ತೋ ಐವತ್ತೋ ಒಂದೇ ಥರದ್ದೇ? ಕಾರ್ಡಿನ ಮೇಲಿನ ಮಾತು ಕನ್ನಡದಲ್ಲಿ ಇರಬೇಕೇ? ಬಣ್ಣ ಯಾವುದರಲ್ಲಿ ತುಂಬುತ್ತೀರಿ: ಬಣ್ಣದ ಪೆನ್ಸಿಲ್ಲೋ, ವಾಟರ್‌ಕಲರೋ, ಆಲ್ಕೋಹಾಲ್ ಮಾರ್ಕರೋ? ಕಾರ್ಡು ಅಂಚೆಯಲ್ಲಿ ಹೋಗಬೇಕೇ, ಕೈಗೇ ಕೊಡುತ್ತೀರಾ? ಬಜೆಟ್ಟಿನ ಮಾತು ಇವುಗಳ ನಂತರದ್ದು. ಉತ್ತರ ಇಲ್ಲದೆ ದುಡ್ಡು ಹಿಡಿದು ಹೊರಟರೆ ಮನೆಗೆ ಬರುವ ಅರ್ಧ ಸಾಮಾನು ಡಬ್ಬಿಯಲ್ಲೇ ಉಳಿಯುತ್ತದೆ. ನಾಲ್ಕರಲ್ಲಿ ಹೆಚ್ಚು ತೂಕ ಎಣಿಕೆಯ ಪ್ರಶ್ನೆಗೆ. ಮಷೀನು ಬೇಕೋ ಬೇಡವೋ ಎನ್ನುವುದನ್ನು ಬಹುಮಟ್ಟಿಗೆ ಅದೊಂದೇ ತೀರ್ಮಾನಿಸುತ್ತದೆ.

ಮೊದಲು ಕಾಗದದ ಅಳತೆ

ಹೆಚ್ಚಿನ ಸ್ಟ್ಯಾಂಪ್ ಸೆಟ್ಟು, ಡೈಗಳನ್ನು ಅಮೆರಿಕದ ಅಳತೆಗೆ ಮಾಡಿರುತ್ತಾರೆ. ಅಲ್ಲಿ ಕಾಗದ ಎಂಟೂವರೆ-ಹನ್ನೊಂದು ಇಂಚಿನದು. ಅದನ್ನು ಎರಡು ಮಾಡಿ ಮಡಿಸಿದರೆ ನಾಲ್ಕೂಕಾಲು-ಐದೂವರೆ ಇಂಚಿನ ಕಾರ್ಡು, ಅಂದರೆ ಸುಮಾರು 108×140 ಮಿ.ಮೀ. ನಮ್ಮಲ್ಲಿ ಸಿಗುವುದು ಎ4. ಅದನ್ನು ಅಡ್ಡಕ್ಕೆ ಎರಡು ಮಾಡಿ ಒಂದೊಂದನ್ನೂ ಮಡಿಸಿದರೆ ಎ6 ಅಳತೆಯ, 105×148 ಮಿ.ಮೀ. ಕಾರ್ಡು ಬರುತ್ತದೆ. ಒಂದು ಎ4 ಹಾಳೆಗೆ ಎರಡು ಕಾರ್ಡು, ಚೂರೂ ದಂಡವಿಲ್ಲ. ಅದಕ್ಕೆ ಸಿ6 ಲಕೋಟೆ, ಅಂದರೆ 114×162 ಮಿ.ಮೀ., ಸರಿಯಾಗುತ್ತದೆ. ಅಗಲದಲ್ಲಿನ ಆ ಮೂರು ಮಿಲಿಮೀಟರ್ ಕೊರತೆಯಿಂದ ದುಡ್ಡು ಕಳೆದುಕೊಳ್ಳುವವರು ಇದ್ದಾರೆ. ನಾಲ್ಕೂಕಾಲು ಇಂಚು ಅಗಲದ ಚೌಕಟ್ಟಿನ ಡೈ ಕೊಂಡರೆ ಅದು ನಮ್ಮ ಕಾರ್ಡಿನ ಅಂಚು ಮೀರಿ ಹೋಗುತ್ತದೆ. ಚೌಕಟ್ಟಿನ ಡೈ ನಾಲ್ಕು ಇಂಚು ಅಗಲಕ್ಕಿಂತ ಹೆಚ್ಚಿರದಂತೆ ನೋಡಿಕೊಳ್ಳಿ.

ಕಾರ್ಡಿನ ಬುಡಕ್ಕೆ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕ) ಕಾಗದ ಸಾಕು. ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 300ಕ್ಕೆ ಹೋಗುವವರು ಅಂಚೆಯ ಲೆಕ್ಕ ನೋಡಬೇಕು. ಸಾಮಾನ್ಯ ಪತ್ರದ ಮೊದಲ ತೂಕದ ಮಿತಿ 20 ಗ್ರಾಂ. 250 ಜಿಎಸ್‌ಎಂನ ಎ5 ಹಾಳೆ ಸುಮಾರು 7.8 ಗ್ರಾಂ ತೂಗುತ್ತದೆ. ಮೇಲೆ ಅಂಟಿಸುವ 95×138 ಮಿ.ಮೀ. ಹಾಳೆ 3.3 ಗ್ರಾಂ, ಲಕೋಟೆ ನಾಲ್ಕೂವರೆ ಗ್ರಾಂ. ಎರಡು-ಮೂರು ಹೂವು, ಫೋಮ್ ಟೇಪು ಸೇರಿದರೂ 20ರ ಒಳಗೇ ಇರುತ್ತದೆ. ಎರಡು ಪದರವನ್ನೂ 300 ಜಿಎಸ್‌ಎಂನಲ್ಲಿ ಮಾಡಿದರೆ ಹೂವು ಅಂಟಿಸುವ ಮುಂಚೆಯೇ 18ರ ಹತ್ತಿರ ಬಂದಿರುತ್ತೀರಿ.

ಸ್ಟ್ಯಾಂಪ್ ಒತ್ತುವ ಹಾಳೆ ನುಣುಪಾಗಿರಲಿ. ಹ್ಯಾಂಡ್‌ಮೇಡ್ ಪೇಪರ್ ನೋಡಲು ಎಷ್ಟೇ ಚಂದವಿದ್ದರೂ ಅದರ ಒರಟು ಮೈಮೇಲೆ ಸಣ್ಣ ಗೆರೆ ತುಂಡುತುಂಡಾಗಿ ಬೀಳುತ್ತದೆ. ಅದನ್ನು ಹಿನ್ನೆಲೆಯ ಪದರಕ್ಕೆ ಇಟ್ಟುಕೊಳ್ಳಿ. ಪಾಲಿಶ್ ಇರುವ ಹೊಳಪು ಕಾಗದದ ಮೇಲೆ ಸಾಮಾನ್ಯ ಇಂಕು ಬೇಗ ಒಣಗುವುದಿಲ್ಲ. ವಾಟರ್‌ಕಲರ್ ಬಳಸುವವರು ವಾಟರ್‌ಕಲರ್ ಪೇಪರನ್ನೇ ಕೊಳ್ಳಬೇಕು, ಅದರಲ್ಲೂ ಮೈ ನುಣುಪಾದ ಹಾಟ್ ಪ್ರೆಸ್ ಬಗೆಯದು. ಕೋಲ್ಡ್ ಪ್ರೆಸ್‌ನ ತರಿಯಲ್ಲಿ ಗೆರೆ ಕೂರುವುದಿಲ್ಲ.

ಸ್ಟ್ಯಾಂಪ್: ಮೂರು ಬಗೆ, ಒಂದು ನಮ್ಮೂರಿನದು

ಮರದ ಹಿಡಿಯ ಕೆಂಪು ರಬ್ಬರ್ ಸ್ಟ್ಯಾಂಪ್ ಎಲ್ಲಕ್ಕಿಂತ ಗಟ್ಟಿ. ಕೂದಲೆಳೆಯಂಥ ಗೆರೆಯೂ ಸ್ಪಷ್ಟವಾಗಿ ಬೀಳುತ್ತದೆ. ಯಾವ ಇಂಕಿಗೂ ಅಂಜುವುದಿಲ್ಲ, ಬಿಸಿಲಿಗೆ ಕೆಡದಂತೆ ಇಟ್ಟರೆ ದಶಕಗಟ್ಟಲೆ ಬಾಳುತ್ತದೆ. ಕುಂದು ಎರಡು: ಜಾಗ ತಿನ್ನುತ್ತದೆ, ಒತ್ತುವಾಗ ಎಲ್ಲಿ ಬೀಳುತ್ತಿದೆ ಎಂದು ಕಾಣುವುದಿಲ್ಲ. ಅಕ್ಷರದ ಸಾಲು ಅರ್ಧ ಡಿಗ್ರಿ ವಾಲಿದರೂ ಕಣ್ಣಿಗೆ ಹೊಡೆಯುತ್ತದೆ, ಆಗ ಇಡೀ ಹಾಳೆ ಹೋಯಿತು. ಇದೇ ರಬ್ಬರ್ ಹಿಂದೆ ಫೋಮ್ ಅಂಟಿಸಿ, ಮರವಿಲ್ಲದೆ, ಅಕ್ರಿಲಿಕ್ ಬ್ಲಾಕಿಗೆ (ಹಿಡಿಯಾಗಿ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ತುಂಡು) ಅಂಟಿಕೊಳ್ಳುವಂತೆಯೂ ಬರುತ್ತದೆ. ಜಾಗ ಕಡಿಮೆ ಇದ್ದವರಿಗೆ ಅದು ಒಳ್ಳೆಯದು.

ಪಾರದರ್ಶಕ ಸ್ಟ್ಯಾಂಪಿನಲ್ಲಿ ಎರಡು ಜಾತಿಯಿದೆ, ಅಂಗಡಿಯಲ್ಲಿ ಎರಡನ್ನೂ ಕ್ಲಿಯರ್ ಸ್ಟ್ಯಾಂಪ್ ಎಂದೇ ಮಾರುತ್ತಾರೆ. ಫೋಟೋಪಾಲಿಮರಿನದು ಮುಟ್ಟಿದರೆ ಕೊಂಚ ಅಂಟಂಟು, ಗೆರೆಯ ಅಂಚು ಚೂಪಾಗಿರುತ್ತದೆ, ಇಂಕನ್ನು ಸಮನಾಗಿ ಹಿಡಿಯುತ್ತದೆ. ಅಗ್ಗದ ಸಿಲಿಕೋನಿನದು ಜಾರುತ್ತದೆ. ಇಂಕು ಅದರ ಮೇಲೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಲ್ಲುತ್ತದೆ, ಒತ್ತಿದಾಗ ಚಿತ್ರದಲ್ಲಿ ಬಿಳಿ ಮಚ್ಚೆ ಬೀಳುತ್ತದೆ. ಬೆಲೆ ನೋಡಿ ಸಿಲಿಕೋನಿನ ಐದು ಸೆಟ್ಟು ಕೊಳ್ಳುವ ಬದಲು ಫೋಟೋಪಾಲಿಮರಿನ ಒಂದು ಕೊಳ್ಳಿ. ಹೊಸದಾಗಿ ಶುರು ಮಾಡುವವರಿಗೆ ನಮ್ಮ ಶಿಫಾರಸು ಇದೇ, ಏಕೆಂದರೆ ಬ್ಲಾಕಿನ ಮೂಲಕ ಕೆಳಗಿನ ಕಾಗದ ಕಾಣುತ್ತದೆ, ಎಲ್ಲಿ ಬೇಕೋ ಅಲ್ಲೇ ಕೂರಿಸಬಹುದು.

ಫೋಟೋಪಾಲಿಮರ್ ಕೊಂಡ ಮೊದಲ ದಿನ ಇಂಕು ಸರಿಯಾಗಿ ಹಿಡಿಯದಿದ್ದರೆ ಸ್ಟ್ಯಾಂಪ್ ಕೆಟ್ಟದ್ದೆಂದು ಬಿಸಾಡಬೇಡಿ. ತಯಾರಿಕೆಯ ಜಿಡ್ಡು ಮೇಲೆ ಉಳಿದಿರುತ್ತದೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೃದುವಾಗಿ ಉಜ್ಜಿ, ಎರಡು-ಮೂರು ಸಲ ರದ್ದಿ ಕಾಗದದ ಮೇಲೆ ಒತ್ತಿದರೆ ಸರಿಹೋಗುತ್ತದೆ. ಕಾಗದದ ಕೆಳಗೆ ಎರಡು ಮಿ.ಮೀ. ದಪ್ಪದ ಮೆತ್ತನೆ ಫೋಮ್ ಹಾಳೆಯೋ ಹಳೆಯ ಮೌಸ್ ಪ್ಯಾಡೋ ಇಡಿ. ಗಟ್ಟಿ ಮೇಜಿನ ಮೇಲೆ ಒತ್ತಿದರೆ ನಡುವೆ ತೆಳುವಾಗಿ, ಅಂಚಿನಲ್ಲಿ ಗಾಢವಾಗಿ ಬೀಳುತ್ತದೆ. ಬಳಸಿದ ಮೇಲೆ ಆಲ್ಕೋಹಾಲ್ ಇಲ್ಲದ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲು ಬೀಳದ ಕಡೆ ಇಡಿ. ಬಿಸಿಲು ಕಂಡರೆ ಹಳದಿಯಾಗಿ, ಕ್ರಮೇಣ ಗಡುಸಾಗಿ ಬಿರಿಯುತ್ತದೆ. ಇಂಕಿನ ಕಲೆ ಉಳಿದರೆ ಚಿಂತೆ ಬೇಡ, ಅದರಿಂದ ಒತ್ತುವುದಕ್ಕೆ ತೊಂದರೆಯಿಲ್ಲ.

ಇನ್ನು ಕನ್ನಡದ ಮಾತು. ಕ್ರಾಫ್ಟ್ ಅಂಗಡಿಯ ಸ್ಟ್ಯಾಂಪುಗಳಲ್ಲಿ ಬಹುಪಾಲು ಇಂಗ್ಲಿಷಿನವು. ‘ಹುಟ್ಟುಹಬ್ಬದ ಶುಭಾಶಯಗಳು’, ‘ನವದಂಪತಿಗಳಿಗೆ ಶುಭವಾಗಲಿ’, ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಬೇಕೆಂದರೆ ಹೋಗಬೇಕಾದ್ದು ಕಚೇರಿಗಳಿಗೆ ಸೀಲು ಮಾಡಿಕೊಡುವ ರಬ್ಬರ್ ಸ್ಟ್ಯಾಂಪ್ ಅಂಗಡಿಗೆ. ಅದು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಕ್ರಾಫ್ಟ್ ಅಂಗಡಿಯ ಒಂದು ಸೆಟ್ಟಿನ ಬೆಲೆಗಿಂತ ಕಡಿಮೆಯಲ್ಲೇ ಹೆಚ್ಚಾಗಿ ಕೆಲಸ ಆಗುತ್ತದೆ. ಕೇಳುವಾಗ ಸೆಲ್ಫ್ ಇಂಕ್ ಬೇಡ, ಬರೀ ರಬ್ಬರೋ ಪಾಲಿಮರೋ ಸಾಕು, ಹಿಡಿಯೂ ಬೇಡ ಎನ್ನಿ. ಸೆಲ್ಫ್ ಇಂಕ್ ಸೀಲಿನೊಳಗಿನ ಇಂಕು ಕಚೇರಿ ಕಾಗದಕ್ಕೆಂದು ಮಾಡಿದ್ದು, ಕಾರ್ಡಿನ ದಪ್ಪ ಕಾಗದದಲ್ಲಿ ಹರಡುತ್ತದೆ. ಬರೀ ಪಾಲಿಮರ್ ಸಿಕ್ಕರೆ ಅದನ್ನು ಡಬಲ್ ಸೈಡ್ ಟೇಪಿನಿಂದ ಅಕ್ರಿಲಿಕ್ ಬ್ಲಾಕಿಗೆ ಅಂಟಿಸಿ, ಬೇಕಾದ ಇಂಕಿನಲ್ಲಿ ಒತ್ತಬಹುದು.

ಅಕ್ಷರದ ಫೈಲನ್ನು ಪಿಡಿಎಫ್ ಮಾಡಿ ಕೊಡಿ. ವರ್ಡ್ ಫೈಲ್ ಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಒತ್ತಕ್ಷರ ಒಡೆದುಹೋಗುತ್ತದೆ. ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ರಬ್ಬರಿಗೆ ಇಳಿದಾಗಿರುತ್ತದೆ. ಅಕ್ಷರದ ಎತ್ತರ ಕನಿಷ್ಠ ಐದು ಮಿ.ಮೀ. ಇರಲಿ, ಒತ್ತಕ್ಷರ ಬಿಟ್ಟು. ಅದಕ್ಕಿಂತ ಸಣ್ಣದಾದರೆ ‘ಟ್ಟು’, ‘ಬ್ಬ’ಗಳ ಒತ್ತಿನೊಳಗಿನ ಜಾಗಕ್ಕೆ ಇಂಕು ತುಂಬಿ ಕಪ್ಪು ಚುಕ್ಕೆಯಾಗುತ್ತದೆ. ಉಚಿತವಾಗಿ ಸಿಗುವ ಅನೇಕ್ ಕನ್ನಡ ಫಾಂಟಿನ ಮೀಡಿಯಂ ದಪ್ಪ ಸ್ಟ್ಯಾಂಪಿಗೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು ಸಂಗತಿ: ಇಂಗ್ಲಿಷ್ ಮಾತನ್ನು ಒಂದು ಸೆಂ.ಮೀ. ಅಗಲದ ಪಟ್ಟಿಯಲ್ಲಿ ಕತ್ತರಿಸಿ ಅಂಟಿಸುವುದು ವಿಡಿಯೊಗಳಲ್ಲಿ ಕಾಣುತ್ತದೆ. ಅದೇ ಪಟ್ಟಿಯ ಡೈ ಕನ್ನಡ ಸಾಲಿನ ಮೇಲೆ ಇಟ್ಟರೆ ಮೇಲಿನ ಗುಣಿತವೋ ಕೆಳಗಿನ ಒತ್ತೋ ಕತ್ತರಿಸಿ ಹೋಗುತ್ತದೆ. ಕನ್ನಡಕ್ಕೆ ಒಂದೂವರೆ ಸೆಂ.ಮೀ. ಪಟ್ಟಿ ಬೇಕು.

ದುಡ್ಡೇ ಹಾಕದೆ ನೋಡಬೇಕೆಂದರೆ ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರಿನಲ್ಲಿ ಸಣ್ಣ ಚಾಕುವಿನಿಂದ ಎಲೆ, ಹೂವು, ಹಣತೆ ಕೆತ್ತಬಹುದು. ಹಣತೆಗೆ ಮೂರು ಗೆರೆ ಸಾಕು, ದೀಪಾವಳಿಗೆ ಅಷ್ಟೇ ಬೇಕಾದ್ದು. ಅಕ್ಷರ ಕೆತ್ತುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವು ಕೆತ್ತಬೇಕೆಂಬುದು ನೆನಪಿರಲಿ. ಬಟ್ಟೆಗೆ ಅಚ್ಚು ಹಾಕುವ ಮರದ ಬ್ಲಾಕುಗಳು ಸೊಗಸಾಗಿದ್ದರೂ ಕಾಗದಕ್ಕೆ ಒಗ್ಗುವುದಿಲ್ಲ. ಆ ಗಟ್ಟಿ ಮರ ಬಟ್ಟೆಯ ಮೆತ್ತೆಯನ್ನು ನಂಬಿಕೊಂಡದ್ದು, ಕಾಗದದ ಮೇಲೆ ಅಲ್ಲಲ್ಲಿ ಮಾತ್ರ ತಾಗುತ್ತದೆ.

ಇಂಕು: ಬಣ್ಣ ತುಂಬುವ ರೀತಿಯೇ ಹೇಳುತ್ತದೆ

ಇಲ್ಲಿ ಆಯ್ಕೆ ರುಚಿಯದ್ದಲ್ಲ, ರಸಾಯನದ್ದು. ಆಲ್ಕೋಹಾಲ್ ಮಾರ್ಕರ್ ಬಳಸಿದರೆ ಗೆರೆಗೆ ಮೆಮೆಂಟೊದಂಥ ಡೈ ಇಂಕು ಬೇಕು. (ಈ ಡೈ ಎಂದರೆ ಬಣ್ಣ, ಕತ್ತರಿಸುವ ಡೈ ಅಲ್ಲ.) ಸ್ಟೇಜ್‌ಆನ್‌ನಂಥ ಸಾಲ್ವೆಂಟ್ ಇಂಕಿನ ಗೆರೆಯ ಮೇಲೆ ಆಲ್ಕೋಹಾಲ್ ಮಾರ್ಕರ್ ಎಳೆದರೆ ಕಪ್ಪು ಕರಗಿ ಹಳದಿ ಹೂವಿನೊಳಗೆ ಹರಿಯುತ್ತದೆ, ಮಾರ್ಕರಿನ ತುದಿಯೂ ಹಾಳು. ವಾಟರ್‌ಕಲರಿಗೆ ಲೆಕ್ಕ ತಿರುಗುಮುರುಗು: ನೀರಿಗೆ ಕರಗದ ಸಾಲ್ವೆಂಟ್ ಇಂಕೋ ಆರ್ಕೈವಲ್ ಇಂಕೋ ಬೇಕು. ಬಣ್ಣದ ಪೆನ್ಸಿಲ್ಲಿಗೆ ಯಾವುದಾದರೂ ನಡೆಯುತ್ತದೆ. ಸಾಲ್ವೆಂಟ್ ಇಂಕನ್ನು ಫೋಟೋಪಾಲಿಮರಿನ ಮೇಲೆ ಒಣಗಲು ಬಿಡಬೇಡಿ, ಕೂಡಲೇ ಅದರ ಕ್ಲೀನರಿನಿಂದ ಒರೆಸಿ. ಆ ಇಂಕೇ ಹೆಚ್ಚು ಬಳಸುವವರಾದರೆ ಕೆಂಪು ರಬ್ಬರ್ ಸ್ಟ್ಯಾಂಪಿಗೇ ಹೋಗಿ. ಕಚೇರಿಯ ನೇರಳೆ ಪ್ಯಾಡು ಯಾವ ಬಣ್ಣಕ್ಕೂ ಬೇಡ.

ಗಾಢ ಬಣ್ಣದ ಕಾಗದದ ಮೇಲೆ ಬಿಳಿಯೋ ಬಂಗಾರವೋ ಬೇಕೆಂದರೆ ಬಿಳಿ ಇಂಕಿನ ಪ್ಯಾಡು ಮಾಸಲಾಗಿ ಕಾಣುತ್ತದೆ. ಅಲ್ಲಿ ಹೀಟ್ ಎಂಬಾಸಿಂಗ್ ಮಾಡಬೇಕು. ವರ್ಸಾಮಾರ್ಕ್‌ನಂಥ ನಿಧಾನಕ್ಕೆ ಒಣಗುವ ಪಾರದರ್ಶಕ ಇಂಕಿನಲ್ಲಿ ಒತ್ತಿ, ಎಂಬಾಸಿಂಗ್ ಪೌಡರ್ ಸುರಿದು, ಉಳಿದದ್ದನ್ನು ತಟ್ಟಿ ಡಬ್ಬಿಗೆ ಹಾಕಿ, ಹೀಟ್ ಗನ್ನಿನಿಂದ ಕರಗಿಸುವುದು. ಒತ್ತುವ ಮುಂಚೆ ಕಾಗದದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿದ ಟಾಲ್ಕಮ್ ಪೌಡರ್ ಗಂಟನ್ನು ಒಮ್ಮೆ ಸವರಿ. ಇಲ್ಲದಿದ್ದರೆ ಬೆರಳಿನ ಜಿಡ್ಡಿಗೆ, ಮಳೆಗಾಲದ ತೇವಕ್ಕೆ, ಬೇಸಿಗೆಯ ಸ್ಥಿರವಿದ್ಯುತ್ತಿಗೆ ಪೌಡರ್ ಬೇಡದ ಕಡೆಯೆಲ್ಲ ಕೂರುತ್ತದೆ. ಗನ್ನನ್ನು ಹತ್ತು-ಹದಿನೈದು ಸೆಕೆಂಡು ಬೇರೆ ಕಡೆ ಹಿಡಿದು ಕಾಯಿಸಿ, ಆಮೇಲೆ ಕಾಗದದ ಕಡೆ ತಿರುಗಿಸಿ. ಪೌಡರ್ ಮಂಕಿನಿಂದ ಹೊಳಪಿಗೆ ತಿರುಗುವ ಕ್ಷಣ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಬದಿಯಿಂದ ಶುರುವಾಗಿ ಗೆರೆ ಹಿಡಿದು ಸಾಗುತ್ತದೆ. ಹೊಳೆದ ತಕ್ಷಣ ಗನ್ನು ಮುಂದಕ್ಕೆ. ಅಲ್ಲೇ ನಿಂತರೆ ಪೌಡರ್ ಕಾಗದದೊಳಕ್ಕೆ ಇಳಿದು ಎಣ್ಣೆ ಕಲೆಯಂತೆ ಚಪ್ಪಟೆಯಾಗುತ್ತದೆ. ತಲೆಗೂದಲು ಒಣಗಿಸುವ ಡ್ರೈಯರ್ ಇದಕ್ಕೆ ಆಗದು, ಅದು ಕರಗಿಸುವ ಮುಂಚೆ ಪೌಡರನ್ನು ಊದಿಬಿಡುತ್ತದೆ.

ಕತ್ತರಿಸುವುದು: ಕತ್ತರಿ, ಪಂಚ್, ಡೈ, ಕಂಪ್ಯೂಟರ್

ಕತ್ತರಿಯನ್ನು ಕಡೆಗಣಿಸುವವರೇ ಹೆಚ್ಚು. ತುದಿ ಚೂಪಾದ ನಾಲ್ಕೈದು ಇಂಚಿನ ಸಣ್ಣ ಕತ್ತರಿ ಇದ್ದರೆ ಯಾವ ಸ್ಟ್ಯಾಂಪಿನ ಚಿತ್ರವನ್ನೂ ಬಿಡಿಸಬಹುದು, ಡೈಯಂತೆ ಒಂದೇ ಆಕಾರಕ್ಕೆ ಕಟ್ಟುಬೀಳುವುದಿಲ್ಲ. ಕತ್ತರಿ ಹಿಡಿದ ಕೈ ಕದಲಿಸದೆ ಕಾಗದವನ್ನೇ ತಿರುಗಿಸುತ್ತ ಹೋಗಿ, ಗೆರೆಯ ಹೊರಗೆ ಒಂದು ಮಿಲಿಮೀಟರ್ ಬಿಳಿ ಬಿಡಿ. ಗೆರೆಗೆ ಅಂಟಿಕೊಂಡು ಕತ್ತರಿಸಿದರೆ ಎಲ್ಲಾದರೂ ಗೆರೆ ತಪ್ಪಿದ್ದು ಎದ್ದು ಕಾಣುತ್ತದೆ, ಸಮನಾಗಿ ಬಿಳಿ ಬಿಟ್ಟರೆ ಅದು ವಿನ್ಯಾಸದಂತೆ ಕಾಣುತ್ತದೆ. ಕಾಗದದ ಬಿಳಿ ಅಂಚು ಕಣ್ಣಿಗೆ ಕುಕ್ಕಿದರೆ ಹೂವಿನ ಬಣ್ಣದ ಮಾರ್ಕರನ್ನು ಪಕ್ಕದಿಂದ ಒಮ್ಮೆ ಎಳೆಯಿರಿ. ಸಾಧಾರಣ ಹೂವಿಗೆ ನಾಲ್ಕು ನಿಮಿಷ ಹಿಡಿಯುತ್ತದೆ.

ಪಂಚ್ ಒಂದು ಆಕಾರಕ್ಕೆ ಒಂದು. ವೃತ್ತ, ಲೇಬಲ್, ಕಾರ್ಡಿನ ಮೂಲೆ ಗುಂಡಾಗಿಸುವುದು, ಚಿಟ್ಟೆ ಇಂಥವಕ್ಕೆ ಚೆನ್ನ. 200 ಜಿಎಸ್‌ಎಂ ದಾಟಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊಂಡಾದ ಪಂಚಿನಲ್ಲಿ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕು ಮಡಿಕೆ ಮಾಡಿ ಹತ್ತಾರು ಸಲ ಒತ್ತಿದರೆ ಅಲಗು ಸ್ವಲ್ಪ ಹರಿತಗೊಳ್ಳುತ್ತದೆ. ಶಾಲೆಯ ಮಕ್ಕಳು ಸೇರಿ ಮಾಡುವ ಕಾರ್ಡಿಗೆ ಪಂಚಿಗಿಂತ ಸುರಕ್ಷಿತವಾದದ್ದಿಲ್ಲ.

ಡೈ ಮತ್ತು ಮಷೀನಿನ ಲೆಕ್ಕ ಹೀಗಿದೆ. ಸ್ಟ್ಯಾಂಪಿಗೆ ಜೋಡಿಯಾದ ತೆಳು ಉಕ್ಕಿನ ಡೈಯನ್ನು ಬಣ್ಣ ತುಂಬಿದ ಚಿತ್ರದ ಮೇಲೆ ಅಲಗು ಕೆಳಗಾಗಿ ಇಟ್ಟು, ಜಾರದಂತೆ ಬೇಗ ಬಿಡುವ ಟೇಪ್ ಅಂಟಿಸಿ, ಮೇಲೆ ಕೆಳಗೆ ಕಟ್ಟಿಂಗ್ ಪ್ಲೇಟ್ ಇಟ್ಟು ಹಿಡಿ ತಿರುಗಿಸಿದರೆ ಎರಡು ರೋಲರುಗಳ ನಡುವೆ ಒತ್ತಡ ಬಿದ್ದು ಆಕಾರ ಬರುತ್ತದೆ. ಹೂವಿಗೆ ಒಂದು ನಿಮಿಷ. ಮೂವತ್ತು ಕಾರ್ಡಿಗೆ ಮೂರು ಮೂರು ಹೂವು ಅಂದರೆ ತೊಂಬತ್ತು ಹೂವು: ಕತ್ತರಿಯಲ್ಲಿ ಆರು ಗಂಟೆ, ಡೈಯಲ್ಲಿ ಒಂದೂವರೆ ಗಂಟೆ. ಕಾರ್ಡು ಐದೇ ಆದರೆ ಕತ್ತರಿಗೆ ಒಂದು ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಉಳಿಸಲು ಮಷೀನು, ಪ್ಲೇಟು, ಡೈ ಮೂರನ್ನೂ ಕೊಳ್ಳುವುದು ಜೇಬಿಗೆ ಭಾರ. ಡೈಯ ಬೆಲೆ ಹಲವು ಸಲ ಅದರ ಸ್ಟ್ಯಾಂಪ್ ಸೆಟ್ಟಿನಷ್ಟೇ ಇರುತ್ತದೆ, ಬೇರೆ ಸ್ಟ್ಯಾಂಪಿಗೆ ಅದು ಉಪಯೋಗಕ್ಕೆ ಬರುವುದೂ ಇಲ್ಲ. ಹಾಗಾಗಿ ಮಷೀನು ಕೊಂಡವರು ಮೊದಲು ಒಂದರೊಳಗೊಂದು ಕೂರುವ ಆಯತ ಮತ್ತು ವೃತ್ತಗಳ ಡೈ ಸೆಟ್ಟು ಕೊಳ್ಳಲಿ. ಅದು ಪ್ರತಿ ಕಾರ್ಡಿಗೂ ಬೇಕಾಗುತ್ತದೆ. ಸ್ಟ್ಯಾಂಪಿನ ಜೋಡಿ ಡೈ ಹೆಚ್ಚು ಬಳಸುವ ಒಂದೆರಡು ಸೆಟ್ಟಿಗೆ ಸಾಕು.

ಮಷೀನು ಆರಿಸುವಾಗ ಬಾಯಿಯ ಅಗಲ ನೋಡಿ. ಮೂರು ಇಂಚು ಅಥವಾ ಕಡಿಮೆ ಅಗಲದ ಮಿನಿ ಮಷೀನಿನಲ್ಲಿ ನಮ್ಮ ಎ6 ಕಾರ್ಡಿನ ಹಾಳೆ ಹೋಗುವುದಿಲ್ಲ, ಹೂವು ಮತ್ತು ಟ್ಯಾಗಿಗೆ ಮಾತ್ರ ಆದೀತು. ಆರು ಇಂಚಿನ ಬಾಯಿ, ಅಂದರೆ ಸಿಝಿಕ್ಸ್ ಬಿಗ್ ಶಾಟ್ ಅಳತೆಯದು, ಕಾರ್ಡಿನವರಿಗೆ ಸರಿಯಾದದ್ದು. ಅದಕ್ಕಿಂತ ದೊಡ್ಡದು ತೂಕ ಹೆಚ್ಚು, ಜಾಗ ಹೆಚ್ಚು, ಕಾರ್ಡಿಗೆ ಅದರಿಂದ ಲಾಭವಿಲ್ಲ. ಮಣಿಕಟ್ಟು ನೋವಿನವರು ಮಾತ್ರ ವಿದ್ಯುತ್ತಿನಲ್ಲಿ ತಿರುಗುವ ಬಗೆಯನ್ನು ಯೋಚಿಸಲಿ. ಹಳೆಯದನ್ನು ಕೊಳ್ಳುವುದಾದರೆ ಹಿಡಿ ತಿರುಗಿಸಿದಾಗ ಎರಡು ಬದಿಯಲ್ಲೂ ಒಂದೇ ಸಮ ಒತ್ತಡ ಬೀಳುತ್ತದೆಯೇ ಎಂದು ದೊಡ್ಡ ಆಯತದ ಡೈ ಓಡಿಸಿ ಪರೀಕ್ಷಿಸಿ. ಒಂದೇ ಬದಿ ಕತ್ತರಿಸದೆ ಉಳಿದರೆ ಬೇಡ.

ಡೈ ಪೂರ್ತಿ ಕತ್ತರಿಸದಿದ್ದರೆ ಹೆಚ್ಚು ಬಲ ಹಾಕಿ ತಿರುಗಿಸಬಾರದು, ಗೇರು ಹೋಗುತ್ತದೆ. ಪ್ಲೇಟಿನ ಕೆಳಗೆ 80 ಜಿಎಸ್‌ಎಂನ ಸಾದಾ ಹಾಳೆ ಒಂದು ಸೇರಿಸಿ, ಸಾಲದಿದ್ದರೆ ಇನ್ನೊಂದು. ಉದ್ದ ನೇರ ಅಂಚಿನ ಡೈಯನ್ನು ರೋಲರಿಗೆ ಸಮಾನಾಂತರವಾಗಿ ಇಡದೆ ಓರೆಯಾಗಿ ಇಡಿ. ಇಡೀ ಅಂಚಿನ ಮೇಲೆ ಒಮ್ಮೆಗೇ ಭಾರ ಬಿದ್ದರೆ ಹಿಡಿ ಗಕ್ಕನೆ ನಿಲ್ಲುತ್ತದೆ. ರಂಗೋಲಿಯಂಥ ಸೂಕ್ಷ್ಮ ಡೈಯಲ್ಲಿ ಕಾಗದ ಸಿಕ್ಕಿಕೊಂಡು ಬಿಡಿಸುವಾಗ ಹರಿಯುತ್ತದೆ. ಡೈಗೂ ಕಾಗದಕ್ಕೂ ನಡುವೆ ಅಡುಗೆಮನೆಯ ಬಟರ್ ಪೇಪರ್ ತುಂಡು ಇಟ್ಟರೆ ಸರಾಗವಾಗಿ ಬರುತ್ತದೆ. ಪ್ಲೇಟನ್ನು ಪ್ರತಿ ಸಲ ಮಗುಚಿ ಬಳಸಿ, ಒಂದೇ ಬದಿ ಬಳಸಿದರೆ ಬಾಳೆಹಣ್ಣಿನಂತೆ ಬಾಗುತ್ತದೆ. ಅದು ಸವೆಯುವ ಸಾಮಾನು, ಬದಲಿ ಪ್ಲೇಟಿನ ಖರ್ಚನ್ನು ಲೆಕ್ಕದಲ್ಲಿ ಹಿಡಿಯಿರಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಡೈಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಕ್ಕಿನ ಭಯವಿದೆ.

ಹೆಚ್ಚು ಕಾರ್ಡು ಮಾಡುವವರಿಗೆ ಒಂದು ವಿಧಾನ ಬಹಳ ಉಪಯೋಗ. ಬಣ್ಣ ತುಂಬಿ ಡೈ ಹೊಂದಿಸುವುದಕ್ಕೆ ಬದಲು, ಮೊದಲೇ ಖಾಲಿ ಕಾಗದದಲ್ಲಿ ತೊಂಬತ್ತು ಹೂವಿನ ಆಕಾರ ಕತ್ತರಿಸಿಕೊಳ್ಳಿ. ಅದೇ ಡೈಯಿಂದ ಒಂದು ದಪ್ಪ ಹಾಳೆಯಲ್ಲಿ ಕಿಂಡಿ ಮಾಡಿ, ಆ ಹಾಳೆಯನ್ನು ಸ್ಟ್ಯಾಂಪ್ ಪ್ಲಾಟ್‌ಫಾರ್ಮಿನಲ್ಲಿ ಆಯಸ್ಕಾಂತದಿಂದ ಹಿಡಿಸಿ. (ಬಾಗಿಲಿನಂಥ ಮುಚ್ಚಳಕ್ಕೆ ಸ್ಟ್ಯಾಂಪ್ ಅಂಟಿಸಿ, ಮುಚ್ಚಿದಾಗಲೆಲ್ಲ ಒಂದೇ ಜಾಗಕ್ಕೆ ಬೀಳುವಂತೆ ಮಾಡುವ ಸಾಧನ ಇದು.) ಕಿಂಡಿಯಲ್ಲಿ ಆಕಾರ ಇಟ್ಟು, ಅದಕ್ಕೆ ಸರಿಯಾಗಿ ಸ್ಟ್ಯಾಂಪ್ ಹೊಂದಿಸಿ ಮುಚ್ಚಳಕ್ಕೆ ಎತ್ತಿಕೊಳ್ಳಿ. ಆಮೇಲೆ ಆಕಾರ ಇಡು, ಇಂಕು ಸವರು, ಮುಚ್ಚು, ತೆಗೆ. ಒಂದೂ ಓರೆಯಾಗುವುದಿಲ್ಲ. ತೆಳುವಾಗಿ ಬಿದ್ದರೆ ಅಲ್ಲೇ ಇನ್ನೊಮ್ಮೆ ಒತ್ತಬಹುದು. ಹಣ ಹಾಕುವುದಾದರೆ ನಮ್ಮ ಮಟ್ಟಿಗೆ ಡೈ ಮಷೀನಿಗಿಂತ ಮೊದಲು ಈ ಪ್ಲಾಟ್‌ಫಾರ್ಮಿಗೆ. ಸಣ್ಣ ಸ್ಟ್ಯಾಂಪಿಗಾದರೆ ಹಳೆಯ ಸಿಡಿಯ ಡಬ್ಬಿಯಲ್ಲಿ ಕೆಳಗೆ ಫೋಮ್ ಇಟ್ಟು ಇದೇ ಕೆಲಸ ಮಾಡಬಹುದು.

ಕ್ರಿಕಟ್, ಸಿಲ್ಹೌಟ್‌ನಂಥ ಕಂಪ್ಯೂಟರ್ ಕಟ್ಟಿಂಗ್ ಮಷೀನಿಗೆ ಡೈಯೇ ಬೇಡ. ಯಾವ ಆಕಾರವನ್ನಾದರೂ ಯಾವ ಅಳತೆಯಲ್ಲಾದರೂ ಕತ್ತರಿಸುತ್ತದೆ. ಕನ್ನಡ ಅಕ್ಷರಗಳನ್ನೇ ಕತ್ತರಿಸಿ ಅಂಟಿಸಬೇಕೆಂದರೆ ಇದೇ ದಾರಿ, ಕನ್ನಡದ ಡೈ ಸಿಗುವುದು ಅಪರೂಪ. ಅಕ್ಷರಗಳನ್ನು ಮಷೀನಿನ ತಂತ್ರಾಂಶದಲ್ಲಿ ಟೈಪ್ ಮಾಡದೆ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಟೈಪ್ ಮಾಡಿ, ರೇಖೆಗಳಾಗಿ ಬದಲಿಸಿ, ಒಂದಕ್ಕೊಂದು ತಾಗಿದ ಭಾಗಗಳನ್ನು ಯೂನಿಯನ್ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಮಾಡದಿದ್ದರೆ ಅಕ್ಷರವೂ ಒತ್ತೂ ಕೂಡುವ ಕಡೆ ಬ್ಲೇಡು ಅಡ್ಡ ಕೊಯ್ದು ಒತ್ತು ಬಿಡಿಯಾಗಿ ಉದುರುತ್ತದೆ. ‘ಠ’ದ ನಡುವಿನ ಚುಕ್ಕೆ ಹೇಗೂ ಉದುರುತ್ತದೆ, ಅದನ್ನು ಎತ್ತಿಟ್ಟು ಬೇರೆಯಾಗಿ ಅಂಟಿಸಬೇಕು. ಬಾಲೂ ತಮ್ಮದಂಥ ದಪ್ಪ, ದುಂಡು ಫಾಂಟ್ ಕತ್ತರಿಸಲು ಸುಲಭ. ಕ್ರಿಕಟ್ಟಿನ ತಂತ್ರಾಂಶ ಎಸ್‌ವಿಜಿ ಫೈಲನ್ನು ಹಾಗೇ ತೆರೆಯುತ್ತದೆ. ಸಿಲ್ಹೌಟ್‌ನ ಉಚಿತ ಆವೃತ್ತಿ ತೆರೆಯುವುದಿಲ್ಲ, ಅದಕ್ಕೆ ಡಿಎಕ್ಸ್‌ಎಫ್ ಮಾಡಿ ಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ಮೇಲಿನ ಆವೃತ್ತಿ ಕೊಳ್ಳಬೇಕು.

ಸ್ಟ್ಯಾಂಪ್ ಪ್ರೀತಿಸುವವರಿಗೆ ಮಾತ್ರ ಇದರಲ್ಲಿ ಒಂದು ಅಡಚಣೆ. ಒತ್ತಿ ಬಣ್ಣ ತುಂಬಿದ ಚಿತ್ರದ ಸುತ್ತ ಸರಿಯಾಗಿ ಕತ್ತರಿಸಲು ಮಷೀನಿಗೆ ಚಿತ್ರ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಬ್ರದರ್ ಸ್ಕ್ಯಾನ್‌ಎನ್‌ಕಟ್‌ನಲ್ಲಿ ಸ್ಕ್ಯಾನರ್ ಒಳಗೇ ಇರುವುದರಿಂದ ಅದು ಒತ್ತಿದ ಚಿತ್ರವನ್ನು ನೋಡಿ ಸುತ್ತ ಕತ್ತರಿಸುತ್ತದೆ. ಮನೆ ತುಂಬ ಜೋಡಿ ಡೈ ಇಲ್ಲದ ಸ್ಟ್ಯಾಂಪುಗಳಿದ್ದವರಿಗೆ ಅದು ತಕ್ಕದ್ದು. ಕಾಗದ ಹಿಡಿದಿಡುವ ಅಂಟು ಮ್ಯಾಟು, ಬ್ಲೇಡು ಇಲ್ಲೂ ಸವೆಯುವ ಖರ್ಚು.

ಯಾರಿಗೆ ಯಾವುದು

ವರ್ಷಕ್ಕೆ ಹತ್ತು-ಹದಿನೈದು ಕಾರ್ಡು, ಒಂದೊಂದೂ ಬೇರೆ: ಒಂದು ಫೋಟೋಪಾಲಿಮರ್ ಸೆಟ್ಟು, ಒಂದು ಬ್ಲಾಕು, ಕಪ್ಪು ಇಂಕು, ಸೀಲಿನ ಅಂಗಡಿಯ ಕನ್ನಡ ಸಾಲು ಒಂದು, ಒಳ್ಳೆಯ ಕತ್ತರಿ. ಉಳಿದ ದುಡ್ಡು ಕಾಗದಕ್ಕೆ. ಅಂಚೆಯಲ್ಲಿ ಕಳಿಸುವವರು ಫೋಮ್ ಟೇಪ್ ಒಂದು ಮಿ.ಮೀ. ದಪ್ಪದ್ದೇ ಕೊಳ್ಳಿ, ಎರಡು ಪದರ ಎತ್ತಿದರೆ ಅಂಚೆ ಮುದ್ರೆಯ ಏಟಿಗೆ ಹೂವು ಜಜ್ಜಿಹೋಗುತ್ತದೆ.

ಮನೆಯ ಶುಭಕಾರ್ಯಕ್ಕೆ ಒಮ್ಮೆ ಮಾತ್ರ ಐವತ್ತು ಕಾರ್ಡು ಬೇಕಾದವರು ಮಷೀನು ಕೊಳ್ಳಬೇಡಿ. ಕತ್ತರಿಸುವ ಕೆಲಸವೇ ಇಲ್ಲದ ವಿನ್ಯಾಸ ಮಾಡಿ: ಗಾಢ ಹಸಿರು ಅಥವಾ ಕುಂಕುಮ ಬಣ್ಣದ ಹಾಳೆಯ ಮೇಲೆ ಬಂಗಾರದ ಎಂಬಾಸಿಂಗ್‌ನಲ್ಲಿ ಒಂದು ಚಿತ್ರ, ಒಂದು ಸಾಲು. ಪ್ಲಾಟ್‌ಫಾರ್ಮ್ ಇದ್ದರೆ ಐವತ್ತೂ ಒಂದೇ ಅಚ್ಚಿನಲ್ಲಿ ಬರುತ್ತವೆ.

ಮಾರಾಟಕ್ಕೆ ಮಾಡುವವರು, ಹಬ್ಬ ಹಬ್ಬಕ್ಕೂ ಮೂವತ್ತರ ಮೇಲೆ ಮಾಡುವವರು ಆರು ಇಂಚಿನ ಡೈ ಮಷೀನಿಗೆ ಹೋಗಬಹುದು. ಕನ್ನಡ ಅಕ್ಷರವೇ ತಮ್ಮ ಕಾರ್ಡಿನ ಗುರುತು ಎನ್ನುವವರು ಕಂಪ್ಯೂಟರ್ ಮಷೀನಿಗೆ ದುಡ್ಡು ಕೂಡಿಸಲಿ, ಡೈಗಳ ಮೇಲೆ ಖರ್ಚು ಮಾಡದೆ.

ಇಷ್ಟಾದರೂ ತೀರ್ಮಾನ ಆಗದಿದ್ದರೆ ಮೊದಲ ಹತ್ತು ಕಾರ್ಡನ್ನು ಕತ್ತರಿಯಲ್ಲೇ ಮಾಡಿ. ಒಂದು ಚೀಟಿಯಲ್ಲಿ ಒತ್ತುವುದಕ್ಕೆ, ಬಣ್ಣಕ್ಕೆ, ಕತ್ತರಿಸುವುದಕ್ಕೆ, ಅಂಟಿಸುವುದಕ್ಕೆ ಎಷ್ಟೆಷ್ಟು ನಿಮಿಷ ಹಿಡಿಯಿತು ಎಂದು ಬರೆಯುತ್ತ ಹೋಗಿ. ಕತ್ತರಿಸುವುದಕ್ಕೇ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗಿದ್ದು, ಅದರಲ್ಲೂ ಒಂದೇ ಆಕಾರವನ್ನು ಮತ್ತೆ ಮತ್ತೆ ಕತ್ತರಿಸಿದ್ದರೆ, ಆ ಆಕಾರದ ಡೈಯೂ ಅದನ್ನು ಓಡಿಸುವ ಮಷೀನೂ ನಿಮಗೆ ಬೇಕು. ಬಣ್ಣಕ್ಕೇ ಹೆಚ್ಚು ಹೊತ್ತು ಹೋಗಿದ್ದರೆ ಇನ್ನೊಂದು ಹಿಡಿ ಒಳ್ಳೆಯ ಬಣ್ಣದ ಪೆನ್ಸಿಲ್ ತಂದುಕೊಳ್ಳಿ.